ಅಂಟುಪಟ್ಟಿಯ ಕೆಳಗಿನ ಸ್ವಿಚ್ಚು

ಅಪ್ಪ ಹಿಡಿಕೆ ಎತ್ತದೆ ಆ ಡಬ್ಬಿ ಕಾರ್ಖಾನೆಯಲ್ಲಿ ಬೆಳಗಾಗುತ್ತಿರಲಿಲ್ಲ. ಕಾರ್ಖಾನೆ ಎನ್ನುವುದು ಬಾಗಿಲ ಮೇಲಿನ ಹಲಗೆಯ ಜಂಬ. ಇದ್ದದ್ದು ಮನೆಯ ಕೆಳಗಿನ ಉದ್ದನೆಯ ಒಂದೇ ಕೋಣೆ. ಗೋಡೆಗೊರಗಿ ರಟ್ಟಿನ ಅಟ್ಟಿ, ಮೂಲೆಯಲ್ಲಿ ಅಂಟು ಕಾಯಿಸುವ ಪಾತ್ರೆ, ಅದರ ಪಕ್ಕ ಮಡಿಕೆ ಒತ್ತುವ ಪ್ರೆಸ್ಸು, ನಟ್ಟನಡುವೆ ದೊಡ್ಡ ಕತ್ತಿ. ಕತ್ತಿ ಎಂದರೆ ಕೈಯಲ್ಲಿ ಹಿಡಿಯುವಂಥದಲ್ಲ, ಎಮ್ಮೆಯಷ್ಟು ದಪ್ಪದ ಯಂತ್ರ. ಅಲಗು ಇಳಿದರೆ ಗೇಣು ಮಂದದ ರಟ್ಟಿನ ಕಟ್ಟು ಕೂಡ ಉಸಿರೆತ್ತದೆ ಎರಡಾಗುತ್ತಿತ್ತು.

ಬಾಗಿಲ ಪಕ್ಕದ ಗೋಡೆಯಲ್ಲಿ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಹಿಡಿಕೆ. ಬೆಳಿಗ್ಗೆ ಅಪ್ಪ ಅದರ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಕೈ ತೆಗೀರಿ!" ಎಂದು ಕೂಗುತ್ತಿದ್ದರು. ಒಳಗಿದ್ದವರೆಲ್ಲ ಎರಡೂ ಕೈ ಮೇಲೆತ್ತಿ ಅಪ್ಪನ ಕಡೆ ಮುಖ ಮಾಡಿ ನಿಲ್ಲಬೇಕು. ಎತ್ತಿದ ಕೈಗಳನ್ನೆಲ್ಲ ಒಮ್ಮೆ ನೋಡಿ, ಸಮಾಧಾನವಾದ ಮೇಲೆ ಅವರು ಹಿಡಿಕೆ ಎತ್ತುತ್ತಿದ್ದರು. ಕತ್ತಿ, ಪ್ರೆಸ್ಸು, ಪಾತ್ರೆ, ಫ್ಯಾನು, ಎಲ್ಲಕ್ಕೂ ಒಟ್ಟಿಗೆ ಜೀವ ಬರುತ್ತಿತ್ತು. ಒಂದೊಂದಕ್ಕೂ ಬೇರೆ ಸ್ವಿಚ್ಚು ಇಲ್ಲವೆಂದಲ್ಲ. ಹಿಡಿಕೆಯ ಕೆಳಗೇ ಸಾಲಾಗಿ ಇದ್ದವು. ಆದರೆ ಎಲ್ಲವನ್ನೂ ಒತ್ತಿದ ಹಾಗೇ ಇಟ್ಟು, ಮೇಲೆ ಡಬ್ಬಿಗೆ ಹಚ್ಚುವ ಕಂದು ಅಂಟುಪಟ್ಟಿ ಹಚ್ಚಲಾಗಿತ್ತು. ಹಿಡಿಕೆ ಮೇಲಿರುವಷ್ಟು ಹೊತ್ತು ಯಾರೂ ಯಾವ ಸ್ವಿಚ್ಚನ್ನೂ ಯಾವ ತಂತಿಯನ್ನೂ ಮುಟ್ಟಕೂಡದು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅಪ್ಪ ಇದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಬಲಗೈ ಮುಂದೆ ಚಾಚುತ್ತಿದ್ದರು. ಅದರಲ್ಲಿ ಎರಡು ಬೆರಳು ಗೆಣ್ಣಿನವರೆಗೆ ಮಾತ್ರ ಇದ್ದವು. ಹಿಂದೊಮ್ಮೆ ಅವರು ಕತ್ತಿಯ ಬಾಯಲ್ಲಿ ಸಿಕ್ಕ ಚೂರು ತೆಗೆಯುತ್ತಿದ್ದಾಗ ಅವರ ಸ್ವಂತ ತಮ್ಮನೇ, ಸೆಕೆಯೆಂದು, ಫ್ಯಾನಿನ ಸ್ವಿಚ್ಚು ಒತ್ತಲು ಹೋಗಿ ಕತ್ತಿಯದನ್ನು ಒತ್ತಿದ್ದ.

ಅಪ್ಪನಿಗೆ ಇಬ್ಬರು ಮಕ್ಕಳು. ಮಗ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಮಗಳು, ಗಂಡನ ಮನೆಯ ಬಾಗಿಲನ್ನು ತಾನೇ ಹೊರಗಿನಿಂದ ಎಳೆದುಕೊಂಡು, ತನ್ನ ಕೂಸಿನ ಕೈ ಹಿಡಿದು ತವರಿಗೆ ಬಂದವಳು. ಬಂದ ಹೊಸದರಲ್ಲಿ ಅವಳಿಗೆ ಸಿಕ್ಕಿದ್ದು ಅಂಟಿನ ಮೇಜು. ಅಲ್ಲಿ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ. ಮಡಿಸು, ಅಂಟಿಸು, ಆಚೆಗಿಡು. ಮಾತಾಡಿದರೆ "ಅಂಟು ಆರಿಹೋಗುತ್ತೆ, ಕೈ ನಡೀಲಿ" ಎಂದು ಅಣ್ಣ ಹೇಳುತ್ತಿದ್ದ. ಅವಳ ಕೈ ನಡೆಯಿತು, ಆದರೆ ಬೇರೆ ಕಡೆಗೆ. ಹಾಳು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮಡಿಸಿ, ಅಂಟೇ ಇಲ್ಲದೆ ನಿಲ್ಲುವ ಡಬ್ಬಿ ಮಾಡತೊಡಗಿದಳು. ಗೆರೆಯಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ಈಗ ಅತ್ತಿಗೆ ಕೂಡ ಹಾಗೇ ಕರೆಯುತ್ತಾಳೆ. ಆಮೇಲೆ ಅವಳು ಅಂಗೈಯಗಲದ ಒಂದು ಕಂಪ್ಯೂಟರು ತಂದಳು, ಕಂಪ್ಯೂಟರು ಹೇಳಿದ ಗೆರೆಯಲ್ಲಿ ರಟ್ಟು ಕೊಯ್ಯುವ ಯಂತ್ರ ತಂದಳು, ಕಿಟಕಿಯ ಪಕ್ಕ ತನ್ನದೇ ಮೇಜು ಹಾಕಿಕೊಂಡಳು. ಅಂಗೈಯಗಲದ ಆ ಹಲಗೆಗೆ ಕವಚ ಬೇರೆ ಕೊಳ್ಳುವುದೇ? ಡಬ್ಬಿ ಮಾಡುವವರ ಮನೆಯಲ್ಲಿ? ತಾನೇ ರಟ್ಟಿನ ಮನೆ ಕಟ್ಟಿ, ಗಾಳಿಗೆ ತೂತು ಕೊರೆದು, ಅದರೊಳಗೆ ಕೂರಿಸಿದಳು.

ಅದು ಚೆನ್ನಾಗಿಯೇ ನಡೆದಿತ್ತು. ಒಂದು ದಿನ ರಟ್ಟಿನ ಅಟ್ಟಿ ಜಾರಿ, ಕಂಪ್ಯೂಟರಿಗೆ ಪರದೆಯಾಗಿದ್ದ ಮಾನಿಟರಿನ ಮೇಲೆ ಬಿತ್ತು, ಗಾಜು ಒಡೆಯಿತು. ಅಣ್ಣ ಯಾರದೋ ಅಟ್ಟದಿಂದ ಹಳೆಯದೊಂದು ಮಾನಿಟರು ಇಳಿಸಿಕೊಂಡು ಬಂದ. ಹಿಂಭಾಗ ದಪ್ಪ, ಮುಖ ಮಂಕು. ಅಂದಿನಿಂದ ಅದರ ಮೇಲೆ ಒಂದೇ ಮಾತು: ಸಿಗ್ನಲ್ ಇಲ್ಲ. ಅಷ್ಟು ಹೇಳಿ, ಆ ಮಾತನ್ನೂ ಆರಿಸಿಕೊಂಡು ಕಪ್ಪಗೆ ಮಲಗುತ್ತಿತ್ತು. ಪಕ್ಕದ ರಟ್ಟಿನ ಮನೆಯೊಳಗೆ ಮಾತ್ರ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಮನೆಯೊಳಗೆ ಮನುಷ್ಯರಿದ್ದಾರೆ, ಬಾಗಿಲು ಮಾತ್ರ ತೆಗೆಯುವುದಿಲ್ಲ ಎಂಬಂತೆ.

ಬೀದಿಯ ಕೊನೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದವನಿಗೆ ಊರೆಲ್ಲ ಕೇಬಲ್ಲು ಎಂದೇ ಹೆಸರು, ಯಾಕೆಂದರೆ ಏನೇ ಕೆಟ್ಟರೂ ಅವನ ಬಾಯಲ್ಲಿ ಮೊದಲು ಬರುತ್ತಿದ್ದುದು "ಕೇಬಲ್ ಹೋಗಿದೆ". ಗೆರೆಯಕ್ಕ ಹೊಸ ಕೇಬಲ್ ಹಾಕಿದಳು. ಸಿಗ್ನಲ್ ಇಲ್ಲ. ಪುಟ್ಟ ಕಂಪ್ಯೂಟರನ್ನು ಅವನ ಅಂಗಡಿಗೆ ಒಯ್ದಳು. ಅವನ ಪರದೆಯಲ್ಲಿ ಚಿತ್ರ ಫಳಾರನೆ ಬಂತು. ಮಾನಿಟರನ್ನು ಎತ್ತಿಕೊಂಡು ಹೋದಳು. ಅಲ್ಲಿ ಅದಕ್ಕೂ ಚಿತ್ರ ಬಂತು. ಎರಡನ್ನೂ ಮನೆಗೆ ತಂದು ಕೂಡಿಸಿದರೆ ಸಿಗ್ನಲ್ ಇಲ್ಲ.

"ಇಬ್ರೂ ಒಳ್ಳೆಯವರೇ ಕಣಕ್ಕ," ಎಂದ ಕೇಬಲ್ಲು. "ಒಟ್ಟಿಗೆ ಬಾಳೋಕಾಗ್ತಿಲ್ಲ ಅಷ್ಟೆ. ನಿಮಗೆ ಹೇಳಿಕೊಡಬೇಕಾ?"

"ನನಗೆ ಹೇಳಿಕೊಡಬೇಡ," ಎಂದಳು ಗೆರೆಯಕ್ಕ. "ನನ್ನದರಲ್ಲಿ ಒಳ್ಳೆಯವರು ಒಬ್ಬರೇ ಇದ್ದದ್ದು."

ಇದಕ್ಕೆಲ್ಲ ಮೊದಲೇ ದೀಪ ಮಾಡುವವಳ ಕೆಲಸ ಬಂದಿತ್ತು. ಗಾಜು ಊದಿ ಆರು ಮೂಲೆಯ ಮೇಜುದೀಪ ಮಾಡುವ ಹೆಂಗಸು. ಕಳಿಸಿದ ಕಡೆಯೆಲ್ಲ ದೀಪ ಒಡೆದು ವಾಪಸು ಬರುತ್ತಿದೆ, ಅಲುಗಾಡದ ಹಾಗೆ ಹಿಡಿಯುವ ಡಬ್ಬಿ ಬೇಕು ಎಂದು ಗೆರೆಯಕ್ಕನನ್ನೇ ಹುಡುಕಿಕೊಂಡು ಬಂದಿದ್ದಳು. ಆಗ ಮೊದಲಿನ ಪರದೆ ಇನ್ನೂ ನೆಟ್ಟಗಿತ್ತು. ಗೆರೆಯೆಲ್ಲ ಕಂಪ್ಯೂಟರಿನೊಳಗೆ ಸಿದ್ಧವಾಗಿ ಕೂತಿತ್ತು. ಈಗ ನೋಡಲು ಕಣ್ಣಿಲ್ಲ. ದೀಪದವಳು ಡಬ್ಬಿಗೆಂದು ಬರುವ ದಿನವೂ ಬಂತು, ಮಧ್ಯಾಹ್ನ ಬರುತ್ತೇನೆ ಎಂದಿದ್ದಳು. ಆ ಬೆಳಿಗ್ಗೆ ಅಣ್ಣ ಮೆಟ್ಟಿಲಿಳಿಯುತ್ತಲೇ ಮಾತು ತೆಗೆದ.

"ನೋಡು, ಅವಳು ಬರೋ ಹೊತ್ತಿಗೆ ಪರದೆ ಹತ್ತಿದ್ರೆ ಸರಿ. ಇಲ್ಲಾಂದ್ರೆ ಆ ಮೇಜು ಎತ್ತಿಸ್ತೀನಿ. ಕಿಟಕಿ ಪಕ್ಕ ಇನ್ನೊಂದು ಅಂಟಿನ ಮೇಜು ಹಾಕಬಹುದು. ನಾಲ್ಕು ಮೂಲೆ ಡಬ್ಬಿ ಮಾಡ್ಕೊಂಡು ಬಂದವರು ನಾವು. ಆರನೇ ಮೂಲೆ ಯಾರು ಕೇಳಿದ್ರು?"

"ಆರು ಮೂಲೆ ದೀಪ ಮಾಡಿದವಳು ಕೇಳಿದಳು."

"ಮಾತಿಗೇನೂ ಬರ ಇಲ್ಲ. ಮೇಜು ಹೋದಮೇಲೆ ಅಂಟು ಹಚ್ತಾ ಮಾತಾಡು."

ಅಪ್ಪ ಅಷ್ಟರಲ್ಲಿ ಪೆಟ್ಟಿಗೆಯ ಮುಂದೆ ನಿಂತಿದ್ದರು. ಗಂಟಲು ಸರಿಮಾಡಿಕೊಂಡರು.

"ಕೈ ತೆಗೀರಿ!"

ಅಣ್ಣ ಎತ್ತಿದ. ಅತ್ತಿಗೆ ಎತ್ತಿದಳು. ಪ್ರೆಸ್ಸಿನವನು ಆಕಳಿಸುತ್ತ ಎತ್ತಿದ. ಗೆರೆಯಕ್ಕನೂ ಎತ್ತಿದಳು. ಕೈ ಎತ್ತಿದ ಹಾಗೇ ಕತ್ತು ತಿರುಗಿಸಿ, ಅಪ್ಪನಿಗೆ ಬೆನ್ನು ಕೊಟ್ಟು, ತನ್ನ ಮೇಜನ್ನು ದುರುಗುಟ್ಟಿ ನೋಡಿದಳು. ಹೋಗುವುದಾದರೆ ಕಣ್ಣೆದುರೇ ಹೋಗಲಿ ಎಂಬ ಹಟ.

"ಈ ಕಡೆ ನೋಡು," ಎಂದರು ಅಪ್ಪ.

"ಕೈ ಮೇಲಿದೆಯಲ್ಲ ಅಪ್ಪ. ಎತ್ತಿ ಹಿಡಿಕೇನ."

ಹಿಡಿಕೆ ಎದ್ದಿತು. ರಟ್ಟಿನ ಮನೆಯೊಳಗೆ ಹಸಿರು ದೀಪ ತಟ್ಟನೆ ಹೊತ್ತಿತು, ಪಟಪಟ ಮಿಣುಕಿತು, ಸ್ವಲ್ಪದರಲ್ಲೇ ಶಾಂತವಾಯಿತು. ಮಾನಿಟರು ಇನ್ನೂ ಕಪ್ಪಗಿತ್ತು. ಅದರೊಳಗೆ ಎಲ್ಲೋ ಟಿಕ್ ಎಂದಿತು. ಮುದುಕ ಹಾಸಿಗೆಯಿಂದ ಏಳುವ ಹಾಗೆ ಒಂದು ಮಂಕು ಬೆಳಕು ಹೊರಳಿ, ಕುಳಿತು, ಕೊನೆಗೆ ಕಣ್ಣು ಬಿಟ್ಟಿತು. ಸಿಗ್ನಲ್ ಇಲ್ಲ.

ಗೆರೆಯಕ್ಕ ಕೈ ಇಳಿಸುವುದನ್ನೇ ಮರೆತಳು. ಇಷ್ಟು ದಿನವೂ ಇದೇ ನಡೆದಿರಬೇಕು, ಆದರೆ ನೋಡಿದವರು ಯಾರು? ಆ ಗಳಿಗೆಯಲ್ಲಿ ಮನೆಮಂದಿಯೆಲ್ಲ ಕೈ ಎತ್ತಿಕೊಂಡು ಅಪ್ಪನ ಮುಖ ನೋಡುತ್ತ ನಿಂತಿರುತ್ತಿದ್ದರು.

ಓಡಿಹೋಗಿ ಕೇಬಲ್ಲಿಗೆ ಫೋನು ಮಾಡಿದಳು. ಅವನು ಊರಾಚೆ ಯಾವುದೋ ಕಟ್ಟಡದಲ್ಲಿ ಏಣಿಯ ಮೇಲಿದ್ದ.

"ಚಿಕ್ಕದು ಬೇಗ ಏಳುತ್ತೆ, ದೊಡ್ಡದು ನಿಧಾನ ಏಳುತ್ತೆ," ಎಂದಳು. "ಎದ್ದ ಕೂಡಲೇ ಚಿಕ್ಕದು ಪರದೆ ಇದೆಯಾ ಅಂತ ನೋಡುತ್ತಾ?"

"ನೋಡುತ್ತೆ. ಯಾರೂ ಇಲ್ಲ ಅಂದ್ರೆ ಚಿತ್ರ ಕಳಿಸೋದೇ ನಿಲ್ಲಿಸುತ್ತೆ. ಆಮೇಲೆ ಪರದೆ ಎದ್ದು ಬಾ ಅಂದ್ರೂ ತಿರುಗಿ ನೋಡಲ್ಲ, ಅಷ್ಟು ಸ್ವಾಭಿಮಾನ. ಅಯ್ಯೋ! ನನ್ನ ಅಂಗಡೀಲಿ ಪರದೆ ಯಾವಾಗಲೂ ಹತ್ತಿಕೊಂಡೇ ಇರುತ್ತೆ. ಅದಕ್ಕೇ ಅಲ್ಲಿ ಬಂತು! ಅಕ್ಕ, ನಾನು ಕತ್ತೆ."

"ಅದು ಆಮೇಲೆ ಮಾತಾಡೋಣ. ಈಗೇನು ಮಾಡಲಿ?"

"ಮೊದಲು ಪರದೆ ಹತ್ತಿಸಿ, ಆಮೇಲೆ ಕಂಪ್ಯೂಟರು. ಚಿತ್ರ ಬಂದಮೇಲೆ ಅದು ಏಳುವಾಗ ಓದೋ ಕಡತದಲ್ಲಿ ಒಂದು ಸಾಲು ಬರೀರಿ, ಪರದೆ ಕಾಣಲಿ ಬಿಡಲಿ ಚಿತ್ರ ಕಳಿಸ್ತಾನೇ ಇರು ಅಂತ. ಕೆಳಗೆ ಪರದೆ ಅಳತೇನೂ ಬರೀರಿ, ಕೇಳಿದ್ರೆ ಹೇಳೋಕೆ ಪರದೆ ಇನ್ನೂ ಎದ್ದಿರಲ್ಲವಲ್ಲ. ಸಾಲನ್ನ ಕಳಿಸ್ತೀನಿ. ಆದ್ರೆ ಬರೆಯೋಕೆ ಒಂದು ಸಲ ಪರದೆ ಹತ್ತಲೇಬೇಕು. ನಾನು ಬರೋದು ನಾಳೇನೇ."

ಫೋನು ಇಟ್ಟಳು. ಪರದೆಗೆ ಒಂದು ಸ್ವಿಚ್ಚು, ಕಂಪ್ಯೂಟರಿಗೆ ಒಂದು. ಎರಡೂ ಗೋಡೆಯ ಮೇಲಿದ್ದವು, ಕತ್ತಿಯ ಸ್ವಿಚ್ಚಿನ ಮಗ್ಗುಲಲ್ಲೇ, ಕಂದು ಅಂಟುಪಟ್ಟಿಯ ಕೆಳಗೆ.

"ಅಪ್ಪ, ಒಂದು ಅಂಟುಪಟ್ಟಿ ಬಿಚ್ಚಬೇಕು," ಎಂದಳು.

ಅಪ್ಪ ಬಲಗೈ ಚಾಚಿದರು.

"ಗೊತ್ತು. ಹುಟ್ಟಿದಾಗಿಂದ ನೋಡಿದೀನಿ. ನನ್ನ ಮೇಜಿನದು ಒಂದೇ ಬಿಚ್ತೀನಿ."

"ಒಂದು ಬಿಚ್ಚಿದರೆ ನಾಳೆ ಫ್ಯಾನಿನದು ಬಿಚ್ತಾರೆ," ಎಂದರು ಅಪ್ಪ. "ನಾಡಿದ್ದು ಇನ್ನೊಂದು. ಹೀಗೇ ಒಬ್ಬ ಸೆಕೆ ಅಂತ ಬಂದಿದ್ದ."

"ಬೇಡಮ್ಮಾ," ಎಂದ ಅಣ್ಣ, ಗಂಭೀರವಾಗಿ. ಅಪ್ಪನ ಮಾತು ತನಗೆ ಅನುಕೂಲವಾದಾಗ ಅವನಷ್ಟು ವಿಧೇಯ ಮಗ ಊರಲ್ಲೇ ಇರಲಿಲ್ಲ. "ಬೆರಳಿನ ವಿಷಯ ಇದು. ತಮಾಷೆ ಅಲ್ಲ."

"ನಿಮಗೆ ಬೆರಳಿನ ಚಿಂತೆ ಅಲ್ಲ, ಕಿಟಕಿ ಚಿಂತೆ," ಎಂದಳು ಅತ್ತಿಗೆ, ಅಂಟಿನ ಮೇಜಿನಿಂದ ತಲೆ ಎತ್ತದೆ. ಕಟ್ಟಿಕೊಂಡವಳು ಹಾಗೆ ಹೇಳಿದ್ದು ಕೇಳಿ ಅಣ್ಣ ಕೆಮ್ಮಿದ.

ಗೆರೆಯಕ್ಕ ಗೋಡೆಯ ಹತ್ತಿರ ನಡೆದಳು. ಉಗುರು ಕೊಟ್ಟಳು. ಅಂಟುಪಟ್ಟಿಯ ತುದಿ ಒಂದೇ ಸಲಕ್ಕೆ ಏಳಲಿಲ್ಲ. ಹಳೆಯ ಅಂಟು, ಅವರೇ ಕಾಯಿಸಿದ ಅಂಟು, ಒಳ್ಳೆಯ ಅಂಟು. ಚರ್ ಎಂದು ಎಳೆದಳು. ಕೆಳಗೆ ಬೆಳ್ಳನೆಯ ಸ್ವಿಚ್ಚು ಹಲ್ಲು ಬಿಟ್ಟಂತೆ ಕಂಡಿತು.

ಅವಳ ಬೆರಳು ಅದರ ಮೇಲೆ ಕೂರುವ ಮೊದಲೇ ಡಬ್ ಎಂದು ಸದ್ದಾಯಿತು. ಅಪ್ಪ ಹಿಡಿಕೆ ಇಳಿಸಿದ್ದರು. ಫ್ಯಾನು ನಿಧಾನವಾಗಿ ನಿಂತಿತು. ಪ್ರೆಸ್ಸು ಅರ್ಧ ಒತ್ತಿ ಬಾಯಿ ತೆರೆದುಕೊಂಡೇ ಉಳಿಯಿತು.

"ಅದನ್ನ ಮತ್ತೆ ಹಚ್ಚೋವರೆಗೂ ಇದು ಏಳಲ್ಲ," ಎಂದರು ಅಪ್ಪ.

"ಸರಿ," ಎಂದಳು ಗೆರೆಯಕ್ಕ. ತನ್ನ ಕಂಪ್ಯೂಟರಿನ ಸ್ವಿಚ್ಚನ್ನು ಟಕ್ ಎಂದು ಆರಿಸಿದಳು. "ನನ್ನದು ಆರಿದೆ. ಉಳಿದದ್ದೆಲ್ಲ ನೀವು ಇಟ್ಟ ಹಾಗೇ ಇದೆ. ನೀವು ಹಿಡಿಕೆ ಎತ್ತಿ, ಪರದೆ ಏಳಲಿ. ಆಮೇಲೆ ಇದೊಂದನ್ನ ನಾನು ಒತ್ತುತ್ತೀನಿ."

"ಎತ್ತಲ್ಲ."

"ನಾನೂ ಹಚ್ಚಲ್ಲ."

ಹೀಗೆ ಅಪ್ಪ ಹಿಡಿಕೆಯ ಮೇಲೆ ಕೈಯಿಟ್ಟು, ಮಗಳು ಸ್ವಿಚ್ಚಿನ ಪಕ್ಕ ಬೆನ್ನು ಕೊಟ್ಟು, ಒಂದೇ ಗೋಡೆಗೆ ಇಬ್ಬರೂ ಆತು ನಿಂತರು. ಮೂಗು ಒಂದೇ ಅಚ್ಚು, ಹಟವೂ ಒಂದೇ ಅಚ್ಚು. ಪ್ರೆಸ್ಸಿನವನು ಇಂಥ ರಜೆ ಮತ್ತೆ ಸಿಗದು ಎಂದು ರಟ್ಟಿನ ಅಟ್ಟಿಯ ಮೇಲೆ ಕೂತ. ಅಣ್ಣ ಅಂಟಿನ ಪಾತ್ರೆಗೂ ಗೋಡೆಗೂ ನಡುವೆ ಅಲೆದಾಡಿದ.

"ಅಂಟು ಗಟ್ಟಿ ಆಗ್ತಿದೆ! ಅಪ್ಪ! ಏ ತಾಯಿ! ಅಂಟು!"

"ಮಾತಾಡಬೇಡಿ," ಎಂದಳು ಅತ್ತಿಗೆ. "ಮಾತಾಡಿದರೆ ಅಂಟು ಆರಿಹೋಗುತ್ತೆ."

ಅಷ್ಟರಲ್ಲಿ ಬಾಗಿಲಲ್ಲಿ ದೀಪದವಳು ಕಾಣಿಸಿದಳು. ಹೇಳಿದ್ದಕ್ಕಿಂತ ಬೇಗ ಬಂದಿದ್ದಳು. ಬಟ್ಟೆಯಲ್ಲಿ ಸುತ್ತಿದ ಗಾಜಿನ ದೀಪವನ್ನು ಎಳೆಗೂಸಿನಂತೆ ಎದೆಗವಚಿಕೊಂಡಿದ್ದಳು. ಆರಿದ ಕೋಣೆ, ಸುಮ್ಮನಿದ್ದ ಯಂತ್ರಗಳು, ಗೋಡೆಗೆ ಅಂಟಿದ ಅಪ್ಪ ಮಗಳು ಎಲ್ಲವನ್ನೂ ನೋಡಿ, "ಯಾರಾದರೂ ಹೋಗಿಬಿಟ್ರಾ?" ಎಂದು ಪಿಸುಗುಟ್ಟಿದಳು.

"ಇನ್ನೂ ಇಲ್ಲ," ಎಂದ ಅಣ್ಣ. "ಕೂತ್ಕೊಳಿ. ಅಲ್ಲ, ಕೂರಬೇಡಿ. ಡಬ್ಬಿ ಆಗಿಲ್ಲ. ಪರದೆ ಹತ್ತಲಿಲ್ಲ." ಆಮೇಲೆ ತಂಗಿಯ ಕಡೆ ತಿರುಗಿದ. "ಬಂದಾಯ್ತಲ್ಲ? ಆಯ್ತು ಬಿಡು. ಮೇಜು ಎತ್ತಿಸ್ತೀನಿ."

ಅವನು ಪ್ರೆಸ್ಸಿನವನಿಗೆ ಸನ್ನೆ ಮಾಡಿದ. ಪ್ರೆಸ್ಸಿನವನು ಏಳಲೋ ಬೇಡವೋ ಎಂಬಂತೆ ಎದ್ದು ಕಿಟಕಿಯ ಮೇಜಿನ ಒಂದು ತುದಿ ಹಿಡಿದ. ರಟ್ಟಿನ ಮನೆ ವಾಲಿತು.

ಗೆರೆಯಕ್ಕ ಗೋಡೆ ಬಿಡಲಿಲ್ಲ. ಅಪ್ಪನ ಕಡೆ ಪೂರ್ತಿ ತಿರುಗಿದಳು. ಗಂಡನ ಮನೆಯಲ್ಲಿ ಅವಳು ಒಮ್ಮೆಯೂ ಏರಿಸದ ದನಿ ಅದು. ಏರಿಸಿದ್ದರೆ ಏನಾಗುತ್ತಿತ್ತೋ, ಬಹುಶಃ ಏನೂ ಆಗುತ್ತಿರಲಿಲ್ಲ.

"ಅಪ್ಪ, ನಿಮ್ಮ ಬೆರಳು ತಿಂದದ್ದು ಸ್ವಿಚ್ಚಲ್ಲ. ಚಿಕ್ಕಪ್ಪ ಕೂಗಲಿಲ್ಲ. ನೋಡಲಿಲ್ಲ. ಬಂದ, ಒತ್ತಿದ. ನೀವು ಅವನನ್ನ ಬಿಟ್ಟು ಸ್ವಿಚ್ಚುಗಳ ಬಾಯಿ ಕಟ್ಟಿದಿರಿ. ಆಮೇಲೆ ನಮ್ಮೆಲ್ಲರದೂ ಕಟ್ಟಿದಿರಿ. ನಾನು ಚಿಕ್ಕಪ್ಪ ಅಲ್ಲ. ನಾನು ಕೂಗ್ತೀನಿ. ಪ್ರತಿಯೊಬ್ಬರ ಕೈ ಮೇಲೆ ಹೋಗೋವರೆಗೂ ಕಾಯ್ತೀನಿ. ನಿಮ್ಮದು ಹೋಗೋವರೆಗೂ ಕಾಯ್ತೀನಿ. ಆಮೇಲೇ ಒತ್ತೋದು. ಇದನ್ನ ಬೇರೆ ಯಾರಿಂದ ಕಲಿತೆ ಹೇಳಿ?"

ಅಪ್ಪ ಮಗಳ ಬೆರಳು ನೋಡಿದರು. ಅದು ಸ್ವಿಚ್ಚಿನ ಮೇಲಿರಲಿಲ್ಲ. ಸ್ವಿಚ್ಚಿನಿಂದ ದೂರ, ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಆಮೇಲೆ ಕೋಣೆಯ ಕಡೆ ತಿರುಗಿ, "ಮೇಜು ಬಿಡೋ," ಎಂದರು ಪ್ರೆಸ್ಸಿನವನಿಗೆ. ಗಂಟಲು ಸರಿಮಾಡಿಕೊಂಡರು.

"ಕೈ ತೆಗೀರಿ!"

ಕೈಗಳು ಎದ್ದವು. ದೀಪದವಳೂ ಗಾಬರಿಯಿಂದ ದೀಪ ಸಮೇತ ಎರಡೂ ಕೈ ಎತ್ತಿದಳು. ಹಿಡಿಕೆ ಮೇಲೆ ಹೋಯಿತು. ಫ್ಯಾನು ತಿರುಗಿತು, ಪ್ರೆಸ್ಸು ಒತ್ತಬೇಕಾಗಿದ್ದ ಉಳಿದರ್ಧವನ್ನು ಒತ್ತಿ ಮುಗಿಸಿತು. ಮಾನಿಟರಿನೊಳಗೆ ಟಿಕ್ ಎಂದಿತು. ಬೆಳಕು ಹೊರಳಿತು, ಕೂತಿತು, ಕಣ್ಣು ಬಿಟ್ಟಿತು. ಸಿಗ್ನಲ್ ಇಲ್ಲ. ಈ ಸಲ ಅದನ್ನು ನೋಡಿ ಗೆರೆಯಕ್ಕನಿಗೆ ಸಿಟ್ಟು ಬರಲಿಲ್ಲ. ಎದ್ದು ಕೂತಿದೆ, ಅಷ್ಟು ಸಾಕು.

ಅವಳೂ ಗಂಟಲು ಸರಿಮಾಡಿಕೊಂಡಳು. ಅಭ್ಯಾಸವಿಲ್ಲದ ಗಂಟಲು, ದನಿ ಅರ್ಧದಲ್ಲಿ ಒಡೆಯಿತು.

"ಕೈ ತೆಗೀರಿ!"

ಅತ್ತಿಗೆ ಎಲ್ಲರಿಗಿಂತ ಮೊದಲು ಎತ್ತಿದಳು, ಅಂಟು ಮೆತ್ತಿದ ಕೈಗಳನ್ನು. ಪ್ರೆಸ್ಸಿನವನು ಎತ್ತಿದ. ದೀಪದವಳು ಇಳಿಸಿಯೇ ಇರಲಿಲ್ಲ. ಅಣ್ಣ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಬೆವರು ಒರೆಸಿಕೊಳ್ಳುವವನಂತೆ ಕೈಗಳನ್ನು ತಲೆಯವರೆಗೆ ಒಯ್ದು ಅಲ್ಲೇ ಬಿಟ್ಟ. ಅಪ್ಪನ ಕೈ ಮಾತ್ರ ಹಿಡಿಕೆಯ ಮೇಲೇ ಇತ್ತು.

ಗೆರೆಯಕ್ಕ ಒತ್ತಲಿಲ್ಲ.

"ಒತ್ತಮ್ಮಾ, ನನ್ನ ಕೈ ನೋಯ್ತಿದೆ," ಎಂದಳು ದೀಪದವಳು.

"ಎಲ್ಲರ ಕೈ ಎದ್ದಿಲ್ಲ."

ಅಪ್ಪ ಎಡಗೈ ಎತ್ತಿದರು.

"ಇನ್ನೊಂದು."

ಅರೆಬೆರಳಿನ ಬಲಗೈ ಹಿಡಿಕೆಯಿಂದ ಬಿಡಿಸಿಕೊಂಡು ಮೇಲೆದ್ದಿತು. ಬೆಳಗ್ಗೆ ಅಪ್ಪ ಎಲ್ಲರ ಕೈ ನೋಡುತ್ತಿದ್ದ ಹಾಗೆಯೇ ಗೆರೆಯಕ್ಕ ಒಂದೊಂದನ್ನೂ ನೋಡಿದಳು. ಒತ್ತಿದಳು.

ಹಸಿರು ದೀಪ ಮಿಣುಕಿತು. ಮಂಕು ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಇಳಿದುಬಂದು ಮಾಯವಾದವು, ಹಿಂದೆಯೇ ಅವಳ ಗೆರೆಗಳ ಹಾಳೆ ತೆರೆಯಿತು, ಆರು ಮೂಲೆ, ಆರು ಮಡಿಕೆ, ನಡುವೆ ದೀಪದ ಕುತ್ತಿಗೆ ಹಿಡಿಯುವ ತೊಟ್ಟಿಲು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೈ ಇಳಿಸಬಹುದೆಂದು ಅವಳು ಹೇಳಿಯೇ ಇರಲಿಲ್ಲ.

"ಇಳಿಸ್ರಿ," ಎಂದಳು, ನೆನಪಾಗಿ.

ಕೇಬಲ್ಲು ಕಳಿಸಿದ ಸಾಲನ್ನು ಅವಳು ಮೇಜಿನ ಮುಂದೆ ನಿಂತೇ ಬರೆದಳು. ಪರದೆ ಕಾಣಲಿ ಬಿಡಲಿ, ಕಳಿಸುತ್ತಲೇ ಇರು. ಕೆಳಗೆ ಅಳತೆ ಬರೆದಳು. ಬರೆಯುತ್ತ ಒಮ್ಮೆ ನಕ್ಕಳು; ಯಾಕೆಂದು ಅತ್ತಿಗೆ ಕೇಳಿದರೆ, "ಇದಕ್ಕೆ ಬುದ್ಧಿ ಹೇಳ್ತಿದೀನಿ," ಎಂದಳು. ಆಮೇಲೆ ಯಂತ್ರ ರಟ್ಟಿನ ಮೇಲೆ ಸರಸರ ಓಡಿತು. ಕೊಯ್ದದ್ದನ್ನು ಅವಳು ಮಡಿಸಿ, ಕಿವಿಗೆ ಕಿವಿ ಸಿಕ್ಕಿಸಿ, ಅಂಟು ಮುಟ್ಟದೆ ನಿಲ್ಲಿಸಿದಳು. ದೀಪದವಳು ದೀಪ ಇಳಿಬಿಟ್ಟು, ಮುಚ್ಚಿ, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಮತ್ತೆ ಜೋರಾಗಿ ಅಲುಗಾಡಿಸಿದಳು. ಒಳಗೆ ಸದ್ದಿಲ್ಲ.

"ಇದೆಯಾ ಒಳಗೆ?" ಎಂದು ಅಣ್ಣ ಕೇಳಿದ.

"ಇದೆ," ಎಂದಳು ದೀಪದವಳು. "ಇದೇ ಬೇಕಿತ್ತು. ಇನ್ನು ನನ್ನ ಡಬ್ಬಿ ಎಲ್ಲ ಈಕೆ ಕೈಯಲ್ಲೇ ಆಗಲಿ."

ಅವಳು ಹೋದಮೇಲೆ ಅಣ್ಣ ಕಿಟಕಿಯ ಮೇಜಿನ ಸುತ್ತ ಒಂದು ಸುತ್ತು ಬಂದ. ಪ್ರೆಸ್ಸಿನವನು ಎತ್ತಲು ಹೋಗಿ ಸೊಟ್ಟ ಮಾಡಿದ್ದನ್ನು ನೆಟ್ಟಗೆ ಮಾಡಿದ. ಅವನಿಗೆ ಅಷ್ಟೇ ಬರುತ್ತಿದ್ದುದು. ಆಮೇಲೆ ಅಂಟುಪಟ್ಟಿಯ ಸುರುಳಿ ಹಿಡಿದುಕೊಂಡು ಗೋಡೆಯ ಕಡೆ ಹೊರಟ.

"ಆ ಸಾಲು ಬರೆದಾಯ್ತಲ್ಲ. ಇನ್ನು ಹಿಡಿಕೆ ಎತ್ತಿದ್ರೇ ಎಲ್ಲ ಏಳುತ್ತೆ ತಾನೆ? ಸ್ವಿಚ್ಚು ಬೇಕಾಗಿಲ್ಲ."

"ಬೇಕಾಗಿಲ್ಲ," ಎಂದಳು ಗೆರೆಯಕ್ಕ. "ಆದರೂ ಅದು ಹಾಗೇ ಇರುತ್ತೆ."

"ಯಾಕೆ?"

"ನನ್ನ ಮೇಜಿನದು. ನಾನು ಹೇಳಿದಾಗ ಏಳಲಿ."

ಅಣ್ಣ ಅಪ್ಪನ ಕಡೆ ನೋಡಿದ. ಅಪ್ಪ ಕತ್ತಿಗೆ ಎಣ್ಣೆ ಬಿಡುತ್ತಿದ್ದರು, ಕಿವಿ ಕೇಳಿಸದವರ ಹಾಗೆ.

ಮರುದಿನ ಬೆಳಿಗ್ಗೆ ಅಪ್ಪ ಪೆಟ್ಟಿಗೆಯ ಮುಂದೆ ನಿಂತರು. ಕೂಗಿದರು. ಕೈಗಳು ಎದ್ದವು, ಹಿಡಿಕೆ ಎದ್ದಿತು, ಫ್ಯಾನು ಪ್ರೆಸ್ಸು ಪಾತ್ರೆ ಎಲ್ಲ ಎದ್ದವು. ದಿನದ ಹಾಗೆ ಎಲ್ಲರೂ ಕೈ ಇಳಿಸಿ ಕೆಲಸಕ್ಕೆ ಬಾಗಿದರು. ಅಪ್ಪ ಹಿಡಿಕೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಯ ಪಕ್ಕ ಮಗಳಿಗೆ ಜಾಗ ಮಾಡಿಕೊಟ್ಟು, ಯಾರೂ ಕೂಗುವ ಮೊದಲೇ ಎರಡೂ ಕೈ ಎತ್ತಿ ನಿಂತರು.

"ಇನ್ನೂ ಕೂಗಿಲ್ಲ ಅಪ್ಪ," ಎಂದಳು ಗೆರೆಯಕ್ಕ.

"ಮತ್ತೆ ಕೂಗು," ಎಂದರು ಅಪ್ಪ. "ನಿನ್ನೆ ಥರ ಕೀರಲು ಬೇಡ. ಪ್ರೆಸ್ಸಿನ ಸದ್ದು ಮೀರಿ ಕೇಳಬೇಕು."